ಅಳೆದೂ ತೂಗಿ

ಹಳೆಯ ಓಲೆ ಮಾರಲು ಚಿನ್ನದಂಗಡಿಗೆ ಹೋದವರಿಗೆಲ್ಲ ಗೊತ್ತು. ಹರಳು ಕಿತ್ತು, ಜಿಡ್ಡು ತೊಳೆದು, ಉಳಿದ ಚಿನ್ನವನ್ನಷ್ಟೇ ತಕ್ಕಡಿಗೆ ಹಾಕುತ್ತಾರೆ. ಅದು ಅಮ್ಮ ಹಾಕಿಕೊಂಡಿದ್ದ ಓಲೆ ಎಂಬುದು ತೂಕಕ್ಕೆ ಬರುವುದಿಲ್ಲ. ತಕ್ಕಡಿ ಸುಳ್ಳು ಹೇಳಿತೇ? ಇಲ್ಲ. ಹಾಗಾದರೆ ಮನೆಗೆ ಬರುವಾಗ ಮನಸ್ಸು ಭಾರವಾಗುವುದೇಕೆ? ಈ ಪ್ರಶ್ನೆ ನನ್ನನ್ನು ಕಾಡಿದ್ದು ಓಲೆಯಿಂದಲ್ಲ, ಒಂದು ಮರದಿಂದ.

ಯಲಹಂಕದ ಕಡೆ ನಾನಿದ್ದ ಶಾಲೆಯ ಅಂಗಳದಲ್ಲಿ ಒಂದು ಮಳೆಮರವಿತ್ತು. ಸಂಜೆಯಾದರೆ ಎಲೆ ಮಡಚಿ ಮಲಗುವ ಮರ. ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಬೇಕಾಯಿತು. ಇದ್ದ ಜಾಗ ಅದೊಂದೇ. ಕಡಿಯಲು ಅನುಮತಿಯೂ ಬಂತು. ಸಾಮಿಲ್ಲಿನಿಂದ ಬಂದ ಮುದುಕ ಕಾಂಡದ ನಡುವಿಗೆ ದಾರ ಸುತ್ತಿದ. ಆ ದಾರವನ್ನು ನಾಲ್ಕು ಮಡಿಕೆ ಮಾಡಿ ಅಳೆದ. ಬಂದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ ಕಾಂಡದ ಉದ್ದದಿಂದ ಗುಣಿಸಿದ. ಸುತ್ತಳತೆ 3 ಮೀಟರ್, ಉದ್ದ 4 ಮೀಟರ್, ನಾಟಾ 2.25 ಘನ ಮೀಟರ್. ಲೆಕ್ಕದ ಮೇಷ್ಟ್ರು ಅಂದು ರಜ. ಸಮಾಜ ಪಾಠ ಹೇಳುವ ನಾನೇ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ.

ಮರ ಉರುಳಿತು, ಶೌಚಾಲಯ ಎದ್ದಿತು. ತಿಂಗಳಿಗೆ ನಾಲ್ಕು ದಿನ ಶಾಲೆ ತಪ್ಪಿಸುತ್ತಿದ್ದ ಹುಡುಗಿಯರು ತಪ್ಪದೆ ಬರತೊಡಗಿದರು. ಹೀಗಿರುವಾಗ ನಾನು ಮಾಡಿದ್ದು ತಪ್ಪು ಎಂದು ಹೇಗೆ ಹೇಳಲಿ?

ಕೆಲವು ವರ್ಷಗಳ ಮೇಲೆ ನನ್ನ ಹಳೆಯ ಶಿಷ್ಯೆಯೊಬ್ಬಳು ಬಂದಳು. ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಓದುತ್ತಿದ್ದಳು. ಕಾಂಪೌಂಡಿನ ಬಳಿ ಉಳಿದಿದ್ದ ಮರಗಳಿಗೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಟೇಪು ಸುತ್ತಿ ಬರೆದುಕೊಂಡಳು.

"ಇದನ್ನೂ ಮಾರುತ್ತಾರೇನಮ್ಮಾ?" ಎಂದೆ ಗಾಬರಿಯಿಂದ.

"ಇಲ್ಲ ಮಿಸ್, ಇದರೊಳಗೆ ಎಷ್ಟು ಇಂಗಾಲ ಇದೆ ಅಂತ ನೋಡ್ತೀವಿ."

ನಾನು ಹಳೆಯ ರಿಜಿಸ್ಟರು ತಂದುಕೊಟ್ಟೆ. ಅವಳು ಪೆನ್ಸಿಲ್ ಹಿಡಿದಳು. ದುಂಡಗಿನ ಕಾಂಡವಾಗಿ ಲೆಕ್ಕ ಹಾಕಿದರೆ 2.86 ಘನ ಮೀಟರ್. ನಾಲ್ಕು ಮಡಿಕೆಯ ಲೆಕ್ಕ ನೂರರಲ್ಲಿ ಇಪ್ಪತ್ತೊಂದು ಪಾಲಿಗೂ ಹೆಚ್ಚು ಬಿಟ್ಟುಬಿಡುತ್ತದೆ. ಅದು ಮೋಸವಲ್ಲ, ಕಾಂಡವನ್ನು ಚೌಕ ಮಾಡುವಾಗ ಹೋಗುವ ತೊಗಟೆ, ಅಂಚುಗಳನ್ನು ಮೊದಲೇ ಕಳೆಯುವ ವ್ಯಾಪಾರದ ಪದ್ಧತಿ. ಒಣಗಿದ ಮಳೆಮರ ನೀರಿನ ಅರ್ಧದಷ್ಟು ತೂಗುತ್ತದೆ ಎಂದು ಹಿಡಿದರೆ ಕಾಂಡ 1.43 ಟನ್. ಅದರಲ್ಲಿ ನೂರಕ್ಕೆ 47 ಪಾಲು ಇಂಗಾಲ, ಸುಮಾರು 670 ಕಿಲೋ. ಇದನ್ನು ಕೂಡಿಡಲು ಮರ ಗಾಳಿಯಿಂದ ಎಳೆದುಕೊಂಡ ಇಂಗಾಲದ ಡೈಆಕ್ಸೈಡು ಸುಮಾರು ಎರಡೂವರೆ ಟನ್. ಕೊಂಬೆ ಬೇರುಗಳದ್ದು ಬೇರೆ. ಹಲಗೆಯಾದರೆ ಇಂಗಾಲ ಇನ್ನಷ್ಟು ಕಾಲ ಉಳಿಯುತ್ತದೆ, ಒಲೆಗೆ ಹೋದರೆ ಅಂದೇ ಗಾಳಿಗೆ ಮರಳುತ್ತದೆ.

ನಾನು ಸುಮ್ಮನೆ ಕುಳಿತೆ. ಮರ ಅದೇ, ಅಳತೆ ಅದೇ. ಮುದುಕ ಕೇಳಿದ್ದು "ಇದರಿಂದ ಏನು ಸಿಗುತ್ತದೆ?" ಎಂದು. ಹುಡುಗಿ ಕೇಳಿದ್ದು "ಇದು ಏನು ಹಿಡಿದಿಟ್ಟಿದೆ?" ಎಂದು. ಸಂಖ್ಯೆ ಸುಳ್ಳು ಹೇಳುವುದಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ, ನಮ್ಮ ಮನೆಗೆ ಬಂದ ಹೊಸ ಸೊಸೆಯ ಹಾಗೆ.

ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಮುದುಮಲೆ ಕಾಡಿನಲ್ಲಿ 50 ಹೆಕ್ಟೇರ್ ಗುರುತು ಮಾಡಿ, ಒಂದು ಸೆಂಟಿಮೀಟರಿಗಿಂತ ದಪ್ಪದ ಗಿಡಮರಗಳನ್ನೆಲ್ಲ ಅಳೆದು ನಂಬರು ಕೊಟ್ಟರು. ಮತ್ತೆ ಮತ್ತೆ ಹೋಗಿ ಬದುಕಿದೆಯೇ, ಬೆಳೆದಿದೆಯೇ ಎಂದು ನೋಡಿದರು. ಬಾಣಂತಿಯ ಮಗುವನ್ನು ತೂಗುವ ಹಾಗೆ. ಅಳತೆಯ ಹಿಂದೆ ಕೊಡಲಿಯೇ ಇರಬೇಕೆಂದಿಲ್ಲ.

ಹಾಗೆಂದು ಇಂಗಾಲದ ಲೆಕ್ಕವೇ ಕೊನೆಯ ಮಾತೇ? 2021ರಲ್ಲಿ ಸುಪ್ರೀಂ ಕೋರ್ಟಿನ ಸಮಿತಿಯೊಂದು ಮರದ ಬೆಲೆಯನ್ನು ವಯಸ್ಸಿನ ವರ್ಷಕ್ಕೆ 74,500 ರೂಪಾಯಿಯಂತೆ ಹಿಡಿಯಬಹುದೆಂದಿತು. ಕೇಳಲು ಹಿತವಾಗಿದೆ. ಆದರೆ ಬೆಲೆ ಕಟ್ಟಿದ್ದನ್ನು ದುಡ್ಡು ಕೊಟ್ಟು ಕೊಳ್ಳಬಲ್ಲವರು ಇದ್ದೇ ಇರುತ್ತಾರೆ. "ಒಂದಕ್ಕೆ ಹತ್ತು ಸಸಿ ನೆಡುತ್ತೇವೆ" ಎನ್ನುವವರೂ ಲೆಕ್ಕ ಸರಿಹೋಯಿತೆಂದೇ ನಂಬುತ್ತಾರೆ. ಬೆರಳು ದಪ್ಪದ ಹತ್ತು ಸಸಿಗಳಲ್ಲಿ ಎಷ್ಟು ಇಂಗಾಲವಿದ್ದೀತು? ಅದು ತುಂಬಲು ದಶಕಗಳು ಬೇಕು, ಅಷ್ಟು ದಿನ ನೀರು ಹಾಕುವವರೂ ಬೇಕು. ಇನ್ನು ಆ ನೆರಳಿನಲ್ಲಿ ಕುಳಿತು ಮಗ್ಗಿ ಕಲಿತ ಮಕ್ಕಳು ಯಾವ ಕಾಲಮ್ಮಿಗೂ ಬರಲಿಲ್ಲ.

ಅಂದಿನ ಪರಿಸ್ಥಿತಿ ಮತ್ತೆ ಬಂದರೆ? ಹುಡುಗಿಯರ ಮುಖ ನೋಡಿ ಪ್ರಾಯಶಃ ಮತ್ತೆ ಸಹಿ ಹಾಕಿಯೇನು. ಆದರೆ ಸಹಿಗೆ ಮುಂಚೆ ಇನ್ನೊಂದು ಸಾಲನ್ನೂ ಬರೆಸುತ್ತಿದ್ದೆ. ಆ ಸಂಖ್ಯೆಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದೆ. ಗೋಡೆಯನ್ನು ಮೂರು ಅಡಿ ಸರಿಸಲು ಯಾರಿಗಾದರೂ ತೋಚುತ್ತಿತ್ತೋ ಏನೋ. ಕಳೆದುಕೊಳ್ಳಲೇಬೇಕಾದಾಗಲೂ ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ಪೂರ್ತಿ ತಿಳಿದಿರಬೇಕು. ನನ್ನ ತಪ್ಪು ಸಹಿಯಲ್ಲಿ ಇರಲಿಲ್ಲ, ಒಂದೇ ಪ್ರಶ್ನೆ ಕೇಳಿ ಪುಸ್ತಕ ಮುಚ್ಚಿದ್ದರಲ್ಲಿ ಇತ್ತು.

ಶಿಷ್ಯೆ ಹೊರಟ ಮೇಲೆ ರಿಜಿಸ್ಟರು ತೆರೆದು, ನನ್ನ ಹಳೆಯ ಸಹಿಯ ಕೆಳಗೆ ಅವಳ ಸಂಖ್ಯೆಯನ್ನೂ ಬರೆದು ತಾರೀಖು ಹಾಕಿದೆ. ತಡವಾಗಿತ್ತು, ನಿಜ. ಆದರೂ ಬರೆದೆ.