ಕಾಫಿ ಸೀಮೆಯಲ್ಲಿ ಸಾಲದ ಧರ್ಮ

ಸಾಲ ಹೊತ್ತ ಮನೆಗೆ ದುಡ್ಡು ಬಂದಾಗ ಅದರ ಮೊದಲ ಪಾಲು ಯಾರದು? ಸಾಲ ಕೊಟ್ಟವರದೋ, ಮನೆಯಲ್ಲಿ ಉಣ್ಣುವವರದೋ? ಎರಡಕ್ಕೂ ಆಗುವಷ್ಟು ಹಣವಿದ್ದಾಗ ಈ ಪ್ರಶ್ನೆ ಏಳುವುದಿಲ್ಲ. ಅಕ್ಕಿ, ಎಣ್ಣೆ, ಗ್ಯಾಸು, ಔಷಧಿ, ಮಕ್ಕಳ ಫೀಸು ವರ್ಷವರ್ಷವೂ ಏರುತ್ತ ಹೋಗಿ, ಕಂತಿನ ದಿನ ಮಾತ್ರ ಒಂದು ಗಳಿಗೆಯೂ ಸರಿಯದೆ ನಿಂತಾಗ, ಒಂದನ್ನು ತಡೆದು ಇನ್ನೊಂದನ್ನು ಕೊಡಬೇಕಾಗುತ್ತದೆ. ಯಾವುದನ್ನು ತಡೆಯುವುದು ಎಂಬುದನ್ನು ಗಣಿತ ಹೇಳಿಕೊಡಲಾರದು. ಅದಕ್ಕೆ ಉತ್ತರ ಹುಡುಕಿದವರು ಧರ್ಮಶಾಸ್ತ್ರಕಾರರು, ಶರಣರು, ಪ್ರವಾದಿಗಳು.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗುಡ್ಡಗಳಲ್ಲಿ ಈ ಪ್ರಶ್ನೆಗೆ ಬೇರೆಡೆ ಇಲ್ಲದ ಬಿಗಿಯಿದೆ. ಇಲ್ಲಿ ಆದಾಯ ವರ್ಷಕ್ಕೊಮ್ಮೆ, ಖರ್ಚು ವಾರವಾರ. ಅರೇಬಿಕಾ ಹಣ್ಣು ನವೆಂಬರಿನಿಂದ ಜನವರಿಯವರೆಗೆ, ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲಿಗೆ ಬರುತ್ತದೆ. ಉಳಿದ ತಿಂಗಳುಗಳೆಲ್ಲ ಕೊಡುವ ತಿಂಗಳುಗಳೇ: ಗೊಬ್ಬರ, ಮರಗಸಿ, ಕಳೆ, ಬೋರ್ಡೋ ಸಿಂಪಡಣೆ, ಆಳುಗಳ ಬಟವಾಡೆ. ಮಾರ್ಚ್–ಏಪ್ರಿಲ್‌ನ ಹೂಮಳೆ ತಪ್ಪಿದರೆ ಮುಂದಿನ ವರ್ಷದ ಆದಾಯವೂ ಕುಗ್ಗಿತು. ಲೈನ್ ಮನೆಯ ಕಾರ್ಮಿಕರಿಗಾದರೆ ಬಟವಾಡೆಯೂ ವಾರಕ್ಕೆ, ಸಂಘದ ಕಂತೂ ವಾರಕ್ಕೆ; ಧೋ ಎಂದು ಮಳೆ ಹಿಡಿದು ಕೆಲಸ ನಿಂತ ವಾರ ಬಟವಾಡೆ ಇಲ್ಲ, ಕಂತು ಇದ್ದೇ ಇದೆ.

ಇದರ ಮೇಲೆ ಬೆಲೆಯ ಏರಿಳಿತ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ 1989ರ ಜುಲೈಯಲ್ಲಿ ಮುರಿದುಬಿತ್ತು. ಕಾಫಿ ಮಂಡಳಿ ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲ್ ಪದ್ಧತಿ 1990ರ ದಶಕದಲ್ಲಿ ಹಂತಹಂತವಾಗಿ ಕೊನೆಗೊಂಡಿತು. ಮುಕ್ತ ಮಾರುಕಟ್ಟೆಯಲ್ಲಿ ಮೊದಲ ಕೆಲವು ವರ್ಷ ಕೈತುಂಬ ಹಣ ಕಂಡ ಬೆಳೆಗಾರ 2000ದ ಆಚೀಚೆ ಬೆಲೆ ನೆಲಕಚ್ಚಿದಾಗ ಸಾಲಕ್ಕೆ ಬಿದ್ದ. ಸಣ್ಣ ಬೆಳೆಗಾರರಿಗಾಗಿ ಕೇಂದ್ರ ಸರ್ಕಾರ 2010ರಲ್ಲಿ ಸಾಲ ಪರಿಹಾರ ಪ್ಯಾಕೇಜ್ ತರಬೇಕಾಯಿತು. ಕಾಂಡಕೊರಕ ಅರೇಬಿಕಾ ಗಿಡಗಳನ್ನು ತಿಂದಿತು. 2018 ಮತ್ತು 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಸೀಮೆಯ ಗುಡ್ಡಗಳೇ ಜರಿದವು. ಮಲೆಮನೆಯಂಥ ಊರಿನವರು ಮನೆ, ತೋಟ ಎರಡನ್ನೂ ಕಳೆದುಕೊಂಡರು. ತೋಟ ಕೊಚ್ಚಿಹೋದರೂ ತೋಟದ ಮೇಲಿನ ಸಾಲ ಕೊಚ್ಚಿಹೋಗುವುದಿಲ್ಲ. 2025ರ ಫೆಬ್ರವರಿಯಲ್ಲಿ ಅರೇಬಿಕಾ ಬೆಲೆ ವಿಶ್ವ ಮಾರುಕಟ್ಟೆಯಲ್ಲಿ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಬರೆಯಿತು. ಆ ಬೆಲೆಯ ಲಾಭ ಸಿಕ್ಕಿದ್ದು ಗೋದಾಮಿನಲ್ಲಿ ಮೂಟೆ ಉಳಿಸಿಕೊಂಡವನಿಗೆ. ಮುಂಗಡ ತಂದು ಹಣ್ಣು ಕೊಯ್ಯುವ ಮೊದಲೇ ಮಾತು ಕೊಟ್ಟವನಿಗೆ ಅದು ಕೇಳುವ ಸುದ್ದಿ ಮಾತ್ರ.

ಭಾರತದ ಧರ್ಮಚಿಂತನೆ ಮನುಷ್ಯನನ್ನು ಹುಟ್ಟಿನಿಂದಲೇ ಋಣಿ ಎಂದು ನೋಡಿತು. ತೈತ್ತಿರೀಯ ಸಂಹಿತೆ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಲ್ಲಬೇಕಾದ ಮೂರು ಋಣಗಳನ್ನು ಹೇಳುತ್ತದೆ. ಶತಪಥ ಬ್ರಾಹ್ಮಣ ಅದಕ್ಕೆ ಮನುಷ್ಯರಿಗೆ ಸಲ್ಲಬೇಕಾದ ನಾಲ್ಕನೆಯದನ್ನು ಸೇರಿಸುತ್ತದೆ. ಅಥರ್ವವೇದದ ಆರನೆಯ ಕಾಂಡದಲ್ಲಿ ಈ ಲೋಕದಲ್ಲೂ ಪರಲೋಕದಲ್ಲೂ ಋಣಮುಕ್ತರಾಗಲೆಂದು ಬೇಡುವ ಸೂಕ್ತಗಳಿವೆ. ಸಾಲ ಉಳಿಸಿಕೊಂಡು ಸಾಯಬಾರದು ಎಂದು ಮಲೆನಾಡಿನ ಹಿರಿಯರು ಇಂದಿಗೂ ಹೇಳುವ ಮಾತಿನ ಬೇರು ಅಷ್ಟು ಆಳದಲ್ಲಿದೆ. ಬುದ್ಧ ಗೃಹಸ್ಥನ ನಾಲ್ಕು ಸುಖಗಳಲ್ಲಿ ಸಾಲವಿಲ್ಲದಿರುವುದನ್ನು ಒಂದಾಗಿ ಎಣಿಸಿದ. ಮಹಾಭಾರತದಲ್ಲಿ ಯಾರು ಸುಖಿ ಎಂದು ಯಕ್ಷ ಕೇಳಿದಾಗ ಧರ್ಮರಾಯನ ಉತ್ತರದ ತಾತ್ಪರ್ಯವೂ ಇದೇ: ಹೊತ್ತು ಮೀರಿ ಬರೀ ಸೊಪ್ಪು ಬೇಯಿಸಿ ಉಂಡರೂ ಸರಿ, ಸಾಲವಿಲ್ಲದೆ, ಪರಊರಿಗೆ ಹೋಗದೆ, ತನ್ನ ಮನೆಯಲ್ಲಿರುವವನು ಸುಖಿ.

ಈ ಉತ್ತರದ ಮುಂದೆ ಕಾಫಿ ಸೀಮೆಯ ಅರ್ಧ ಜನ ಸೋತವರಾಗಿ ನಿಲ್ಲುತ್ತಾರೆ. ಹಿಂದೆ ಘಟ್ಟದ ಕೆಳಗಿನಿಂದ, ತಮಿಳುನಾಡಿನಿಂದ, ಈಗ ಅಸ್ಸಾಂ, ಜಾರ್ಖಂಡ್‌ಗಳಿಂದ ಬರುವ ಕೂಲಿಕಾರರಲ್ಲಿ ಎಷ್ಟೋ ಮಂದಿ ಸಾಲದ ದೆಸೆಯಿಂದಲೇ ಊರು ಬಿಟ್ಟವರು. ಸಾಲ ಮಾಡಬೇಡ ಎಂಬ ಉಪದೇಶ ಅವರಿಗೆ ತಡವಾಗಿ ತಲುಪಿದ ಕಾಗದ. ಸಾಲ ಆಗಿಹೋಗಿದೆ, ಅದರೊಳಗೆ ಇದ್ದುಕೊಂಡೇ ಬದುಕುವುದು ಹೇಗೆ, ಕೊಟ್ಟವನ ಹಕ್ಕು ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಹೇಳುವ ಗ್ರಂಥಗಳು ಅವರಿಗೆ ಬೇಕು. ಅಂಥ ಗ್ರಂಥಗಳಿಗೆ ಕೊರತೆಯಿಲ್ಲ, ಪುರಾಣ ಪ್ರವಚನಗಳಲ್ಲಿ ಅವುಗಳ ಹೆಸರು ಕೇಳಿಬರುವುದು ಕಡಿಮೆ, ಅಷ್ಟೆ.

ಕೌಟಿಲ್ಯನ ಅರ್ಥಶಾಸ್ತ್ರ ತಿಂಗಳಿಗೆ ನೂರಕ್ಕೆ ಒಂದೂಕಾಲು ಪಣವನ್ನು, ಅಂದರೆ ವರ್ಷಕ್ಕೆ ಶೇ 15ನ್ನು, ಧರ್ಮಸಮ್ಮತ ಬಡ್ಡಿ ಎನ್ನುತ್ತದೆ. ವ್ಯಾಪಾರದಲ್ಲಿ ಐದು, ಕಾಡುದಾರಿಯಲ್ಲಿ ಹೋಗುವವರಿಗೆ ಹತ್ತು, ಸಮುದ್ರಯಾನಿಗಳಿಗೆ ಇಪ್ಪತ್ತರವರೆಗೆ ಸಲ್ಲುತ್ತದೆ. ಅಪಾಯ ಹೆಚ್ಚಿದಂತೆ ಬಡ್ಡಿ ಹೆಚ್ಚುವುದನ್ನು ಒಪ್ಪಿದ ಆ ಗ್ರಂಥವೇ ರೋಗಿಯ ಸಾಲಕ್ಕೆ, ಬಾಲಕನ ಸಾಲಕ್ಕೆ, ಏನೂ ಇಲ್ಲದವನ ಸಾಲಕ್ಕೆ ಬಡ್ಡಿ ಬೆಳೆಯಕೂಡದು ಎಂದೂ ಹೇಳಿತು. ಕೃಷಿಕನನ್ನು ಕೆಲಸದ ಕಾಲದಲ್ಲಿ ಸಾಲಕ್ಕಾಗಿ ಹಿಡಿಯಬಾರದು ಎಂಬ ನಿಯಮವೂ ಅಲ್ಲೇ ಇದೆ. ಕೊಯ್ಲು ಮುಗಿಯುವ ತನಕ ಬೆಳೆಗಾರನ ಬಳಿ ಕೊಡಲು ಏನೂ ಇರುವುದಿಲ್ಲ. ಆಗ ಅವನನ್ನು ಕಾಡಿದರೆ ಸಾಲಗಾರನೂ ಕೆಟ್ಟ, ಸಾಲ ಕೊಟ್ಟವನೂ ಕೆಟ್ಟ. ಒಮ್ಮೆಗೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು ಎಂಬ ಮನುಸ್ಮೃತಿಯ ಮಿತಿ ‘ದಾಮ್‌ದುಪಟ್’ ಎಂಬ ಹೆಸರಿನಲ್ಲಿ ಮುಂಬಯಿ ಪ್ರಾಂತ್ಯದ ಬ್ರಿಟಿಷ್ ನ್ಯಾಯಾಲಯಗಳವರೆಗೂ ಉಳಿದು ಬಂತು.

ಇಂದಿನ ತೋಟದ ಸಾಲಕ್ಕೆ 2002ರ ಸರ್ಫೇಸಿ ಕಾಯಿದೆ ಅನ್ವಯಿಸುತ್ತದೋ ಇಲ್ಲವೋ ಎಂಬ ಜಗಳ ಬಹುಕಾಲದಿಂದ ನಡೆದಿದೆ. ಕೃಷಿ ಭೂಮಿಯನ್ನು ಆ ಕಾಯಿದೆಯ 31ನೇ ಕಲಮು ಹೊರಗಿಟ್ಟಿದೆ. ಕಾಫಿಯೂ ಕೃಷಿಯೇ ಎಂಬುದು ಬೆಳೆಗಾರರ ವಾದ. ಬ್ಯಾಂಕುಗಳು ತೋಟಗಳನ್ನು ಆನ್‌ಲೈನ್ ಹರಾಜಿಗೆ ಇಡುತ್ತ ಬಂದಿವೆ. ಕಾನೂನಿನ ತೀರ್ಮಾನ ಏನೇ ಆಗಲಿ, ಕೌಟಿಲ್ಯನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ವರ್ಷಕ್ಕೊಮ್ಮೆ ಹಣ ಕಾಣುವವನ ಬಾಕಿಯನ್ನು ತಿಂಗಳ ಸಂಬಳದವನ ಅಳತೆಯಲ್ಲಿ ಅಳೆಯುವುದು ನ್ಯಾಯವೇ?

ಈ ಪರಂಪರೆಯ ಕಳಂಕವನ್ನು ಮುಚ್ಚಿಟ್ಟು ಹೊಗಳುವುದು ಸತ್ಯಕ್ಕೆ ದ್ರೋಹ. ಮನುಸ್ಮೃತಿ ವರ್ಣ ಕೆಳಗಿಳಿದಂತೆ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಎರಡರಿಂದ ಐದಕ್ಕೆ ಏರಿಸಿತು. ಕೈ ಖಾಲಿಯಾದ ಬ್ರಾಹ್ಮಣ ಆದಾಯ ಬಂದಂತೆಲ್ಲ ನಿಧಾನವಾಗಿ ತೀರಿಸಲಿ, ಕೆಳಜಾತಿಯವನು ಮೈ ಮುರಿದು ದುಡಿದು ತೀರಿಸಲಿ ಎಂದು ಯಾಜ್ಞವಲ್ಕ್ಯ ಸ್ಮೃತಿ ಭೇದ ಮಾಡಿತು. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಅದಕ್ಕೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ಹಾಗೆ ದುಡಿಸುವಾಗಲೂ ಅವನ ಕುಟುಂಬಕ್ಕೆ ಬಾಧೆಯಾಗಬಾರದು ಎಂಬ ಷರತ್ತು ಸೇರಿಸಿದ. ಷರತ್ತು ಮಾನವೀಯವಾದದ್ದೇ. ಆದರೆ ಜೀತಕ್ಕೆ ಬಾಗಿಲು ತೆರೆದೇ ಇತ್ತು. ಮುಂಗಡದ ಹಣ ಕೊಟ್ಟು ಆಳನ್ನು ಕಟ್ಟಿಹಾಕುವ ರೂಢಿಯನ್ನು ದೇಶ ಕಾನೂನಿನಿಂದ ನಿಷೇಧಿಸಿದ್ದು 1976ರಲ್ಲಿ, ಜೀತಪದ್ಧತಿ ರದ್ದತಿ ಕಾಯಿದೆಯ ಮೂಲಕ. ಆದಾಯ ಬಂದಂತೆಲ್ಲ ತೀರಿಸುವ ಅವಕಾಶ ಒಳ್ಳೆಯದೇ ಆಗಿತ್ತು. ಅದನ್ನು ಒಂದು ಜಾತಿಗೆ ಮೀಸಲಿಟ್ಟದ್ದು ಅನ್ಯಾಯ. ಅದು ಎಲ್ಲರಿಗೂ ಸಿಗುವುದೇ ಇಂದಿನ ಧರ್ಮ.

ಅದೇ ಕಲ್ಯಾಣದಲ್ಲಿ ಮುಂದಿನ ತಲೆಮಾರಿಗೆ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನ ಸುತ್ತ ಬೇರೆಯೇ ವಿಚಾರ ಬೆಳೆಯಿತು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಜೀವಿಸುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಆತನ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಕಳಿಸಿದಳೆಂಬ ಕಥೆ ಕನ್ನಡಿಗರಿಗೆ ಗೊತ್ತಿರುವುದೇ. ಬೆಲೆ ಏರಿದ ಕಾಲದಲ್ಲಿ ಈ ಕಥೆಯನ್ನು ಬಡವರಿಗೆ ಮಿತವ್ಯಯದ ಪಾಠವಾಗಿ ಹೇಳುವುದು ಸುಲಭ. ಹಾಗೆ ಹೇಳುವುದು ತಪ್ಪು. ಲಕ್ಕಮ್ಮ ತನ್ನ ಗುಡಿಸಲಿನ ಬಾಗಿಲಲ್ಲಿ ನಿಂತು, ತನ್ನ ಗಂಡನ ಗಂಟನ್ನು ನೋಡಿ ಆಡಿದ ಮಾತು ಅದು; ಕೂಲಿ ಕೊಡುವವನು ಕೂಲಿಯವನಿಗೆ ಹೇಳಿದ್ದಲ್ಲ. ಹಸಿದವನಿಗೆ ಆಸೆ ಬಿಡು ಎನ್ನುವ ಅಧಿಕಾರ ಉಂಡವನಿಗಿಲ್ಲ.

ಅವಳ ಮಾತು ನಿಜವಾಗಿ ತಟ್ಟಬೇಕಾದ ಜಾಗ ಮದುವೆಯ ಚಪ್ಪರ. ಕೊಯ್ಲಿನ ಹಣ ನಂಬಿ ಮಾಡಿದ ಮದುವೆ ಸಾಲ ಮಲೆನಾಡಿನ ಎಷ್ಟೋ ಮನೆಗಳನ್ನು ಒಂದು ತಲೆಮಾರು ಹಿಂಡಿದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ ಇದಕ್ಕೆ ಈ ಮಣ್ಣಿನಲ್ಲೇ ಹುಟ್ಟಿದ ಉತ್ತರ. ವರದಕ್ಷಿಣೆಯಿಲ್ಲ, ಆಡಂಬರವಿಲ್ಲ, ವಧೂವರರು ಕೆಲವು ಪ್ರತಿಜ್ಞೆಗಳನ್ನು ಸ್ವೀಕರಿಸಿದರೆ ಮದುವೆ ಆಯಿತು. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಬಾಳಿದ ಪೂರ್ಣಚಂದ್ರ ತೇಜಸ್ವಿಯವರ ಮದುವೆ 1966ರಲ್ಲಿ ನಡೆದದ್ದು ಹೀಗೆಯೇ. ಉಳ್ಳವರ ಮನೆಯಲ್ಲಿ ಇದು ಮೊದಲು ನಡೆದರೆ ಇಲ್ಲದವರು ನಾಚಿಕೆಯಿಲ್ಲದೆ ಹಿಂಬಾಲಿಸಬಹುದು. ಉಳ್ಳವರು ಚಪ್ಪರ ಹಿಗ್ಗಿಸುತ್ತ ಹೋದಷ್ಟೂ ಬಡವರ ಸಾಲ ಹಿಗ್ಗುತ್ತದೆ.

ಈ ಬೆಟ್ಟಗಳಿಗೆ ಕಾಫಿ ಬಂದದ್ದು 17ನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಬೀಜ ತಂದ ಬಾಬಾ ಬುಡನ್ ಎಂಬ ಸೂಫಿಯಿಂದ ಎಂಬುದು ಪ್ರತೀತಿ. ಅವರ ಧರ್ಮಗ್ರಂಥ ಬಡ್ಡಿಯನ್ನೇ ನಿಷೇಧಿಸುತ್ತದೆ. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಯಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂಬುದು ಕುರಾನಿನ ಎರಡನೇ ಅಧ್ಯಾಯದ ಆದೇಶ. ಬೈಬಲ್ಲಿನ ಧರ್ಮೋಪದೇಶಕಾಂಡ ಬೀಸುವ ಕಲ್ಲನ್ನು ಒತ್ತೆಯಿಟ್ಟುಕೊಳ್ಳಬಾರದು ಎನ್ನುತ್ತದೆ, ಏಕೆಂದರೆ ಅದನ್ನು ಒಯ್ಯುವುದೆಂದರೆ ಜೀವವನ್ನೇ ಒಯ್ದಂತೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಇದನ್ನೇ ಕಾನೂನಿನ ಮಾತಿನಲ್ಲಿ ಹೇಳಿದೆ: ಅಡಿಗೆಯ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಧರ್ಮಾಚಾರದಂತೆ ಹೆಣ್ಣು ಮೈಮೇಲಿಂದ ತೆಗೆಯಲಾಗದ ಒಡವೆ, ಕೃಷಿಕನ ಉಪಕರಣ ಮತ್ತು ಬಿತ್ತನೆ ಬೀಜ, ಕೂಲಿಕಾರನ ಕೂಲಿ, ಇವನ್ನು ಸಾಲಕ್ಕೆ ಜಪ್ತಿ ಮಾಡುವಂತಿಲ್ಲ. ಕಳಸದಿಂದ ಅನತಿದೂರದ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಪಂಕ್ತಿಗೆ ಕೂತವರ ಮುಂದೆ ಎಲೆ ಬೀಳುವಾಗ ಯಾರ ಸಾಲ ಎಷ್ಟೆಂದು ಯಾರೂ ಕೇಳುವುದಿಲ್ಲ. ಅನ್ನವನ್ನು ಸಾಲದ ಲೆಕ್ಕದಿಂದ ಹೊರಗಿಡುವ ವಿಷಯದಲ್ಲಿ ಈ ಎಲ್ಲ ದಾರಿಗಳೂ ಒಂದೆಡೆ ಸೇರುತ್ತವೆ.

ತೋಟದ ಮಾಲೀಕನ ಮುಂದಿರುವ ಪ್ರಶ್ನೆ ಇದಕ್ಕಿಂತ ತೊಡಕಿನದು. ಅವನು ಬ್ಯಾಂಕಿಗೂ ಸಾಲಗಾರ, ಆಳುಗಳಿಗೂ ಸಾಲಗಾರ. ವಾರವಿಡೀ ದುಡಿದು ಬಟವಾಡೆಗೆ ಕಾಯುವ ಕಾರ್ಮಿಕ ಅಷ್ಟು ದಿನದ ಶ್ರಮವನ್ನು ಸಾಲವಾಗಿ ಕೊಟ್ಟವನೇ. ಬಡ್ಡಿ ಕೇಳದ, ಒತ್ತೆ ಬೇಡದ ಸಾಲ ಅದು. ಕೈಯಲ್ಲಿ ಹಣ ಕಡಿಮೆ ಇದ್ದಾಗ ನೋಟಿಸು ಕಳಿಸುವ ಬ್ಯಾಂಕಿಗೆ ಮೊದಲು ಕೊಟ್ಟು, ಮಾತಾಡದ ಆಳಿಗೆ ಮುಂದಿನ ವಾರ ಎನ್ನುವುದು ಸಹಜವಾಗಿ ಆಗಿಬಿಡುವ ತಪ್ಪು. ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡು ಎಂದು ಬೈಬಲ್, ಬೆವರಾರುವ ಮೊದಲು ಕೊಡು ಎಂದು ಪ್ರವಾದಿಯ ಹದೀಸು ಹೇಳುವುದು ಈ ತಪ್ಪನ್ನು ತಡೆಯಲಿಕ್ಕೆ. ಶತಪಥ ಬ್ರಾಹ್ಮಣ ಆ ನಾಲ್ಕನೆಯ ಋಣವನ್ನು ಅತಿಥಿಗೆ ಕೊಡುವ ತಾವು ಮತ್ತು ಅನ್ನದಿಂದ ತೀರಿಸಲು ಹೇಳಿದೆ. ತನ್ನ ತೋಟದಲ್ಲೇ ದುಡಿದವನ ಅನ್ನ ಅದಕ್ಕೂ ಮುಂಚೆ ಬರುತ್ತದೆ. ಆದ್ದರಿಂದ ಮನೆಯ ಊಟ ಮತ್ತು ಆಳಿನ ಕೂಲಿ ಮೊದಲು, ಆಮೇಲೆ ಅಸಲು, ಕೊನೆಗೆ ಬಡ್ಡಿ ಎಂಬ ಕ್ರಮವೇ ಧರ್ಮಕ್ಕೆ ಹತ್ತಿರ. ಈ ಕ್ರಮ ತೀರಿಸಲಾರದವನಿಗೆ ಮಾತ್ರ ಸಲ್ಲುತ್ತದೆ. ತೀರಿಸುವ ಶಕ್ತಿಯಿದ್ದೂ ಮುಂದೂಡುವವನಿಗೆ ಯಾವ ಶಾಸ್ತ್ರವೂ ಆಸರೆ ಕೊಟ್ಟಿಲ್ಲ.

ಲೈನ್ ಮನೆಗಳಲ್ಲಿ ಈಗ ಹೆಚ್ಚು ಕಾಡುವುದು ಹೊಣೆಯ ಪ್ರಶ್ನೆ. ಗುಂಪು ಸಾಲದಲ್ಲಿ ಒಬ್ಬಳು ಕಂತು ತಪ್ಪಿದರೆ ಉಳಿದವರು ತುಂಬಬೇಕು. ನೆರೆಯವಳೇ ವಸೂಲಿಗೆ ನಿಲ್ಲುವಂತಾಗುತ್ತದೆ. ಯಾಜ್ಞವಲ್ಕ್ಯ ಸ್ಮೃತಿ ಜಾಮೀನಿನಲ್ಲಿ ಮೂರು ಬಗೆ ಗುರುತಿಸಿತ್ತು: ಸಾಲಗಾರನನ್ನು ಹಾಜರುಪಡಿಸುವುದು, ಅವನು ನಂಬಿಕಸ್ಥನೆಂದು ಹೇಳುವುದು, ಅವನ ಬದಲು ತಾನೇ ಕೊಡುವುದು. ಮೂರರ ಭಾರ ಒಂದೇ ಅಲ್ಲ. ಗೆಳತಿಯ ನಡತೆಗೆ ಸಾಕ್ಷಿ ನಿಂತವಳಿಗೆ ಗೆಳತಿಯ ಸಾಲವನ್ನೇ ಹೊರಿಸುವಾಗ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಗುಂಪುಗಳು ಲೇವಾದೇವಿಯವರ ಹಿಡಿತದಿಂದ ಅನೇಕರನ್ನು ಬಿಡಿಸಿದ್ದು ನಿಜ. ಒಬ್ಬಳ ಕಷ್ಟವನ್ನು ಹತ್ತು ಜನ ಹಂಚಿಕೊಳ್ಳುವುದು ಪುಣ್ಯದ ಕೆಲಸವೇ. ಹಂಚಿಕೊಳ್ಳುವುದು ಬಲವಂತವಾದಾಗ ಅದರ ಪುಣ್ಯ ಉಳಿಯುವುದಿಲ್ಲ. ಮನೆ ಬಾಗಿಲಿಗೆ ಬಂದು ಅವಮಾನಿಸುವ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಕಿರು ಸಾಲ ಮತ್ತು ಸಣ್ಣ ಸಾಲಗಳ ಸುಗ್ರೀವಾಜ್ಞೆ ತಂದು, 10 ವರ್ಷದವರೆಗಿನ ಸೆರೆವಾಸವನ್ನು ವಿಧಿಸಿತು.

ಕೊನೆಯ ಪ್ರಶ್ನೆ ಸಾವಿನ ಆಚೆಯದು. ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂದು ಸ್ಮೃತಿಗಳು ಹೇಳಿದ್ದವು. ಜೂಜಿಗೆ, ಕುಡಿತಕ್ಕೆ ಮಾಡಿದ ಸಾಲವನ್ನು ಅವೂ ಹೊರಗಿಟ್ಟಿದ್ದವು. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ, ಆ ನಂತರ ಮಾಡಿದ ಸಾಲಗಳ ಮಟ್ಟಿಗೆ, ಧಾರ್ಮಿಕ ಹೊಣೆ ಎಂಬ ಒಂದೇ ಕಾರಣಕ್ಕೆ ಮಗ, ಮೊಮ್ಮಗ, ಮರಿಮಗನಿಂದ ವಸೂಲು ಮಾಡುವ ಹಕ್ಕನ್ನು ಕೊನೆಗೊಳಿಸಿತು. ತೀರಿಕೊಂಡವನು ಬಿಟ್ಟುಹೋದ ಆಸ್ತಿಯಿಂದ ಸಾಲ ತೀರಬೇಕು. ಆಸ್ತಿ ಇಲ್ಲದಿದ್ದರೆ ಮಕ್ಕಳ ದುಡಿಮೆಯ ಮೇಲೆ ಕೊಟ್ಟವನಿಗೆ ಹಕ್ಕಿಲ್ಲ. ಇದು ಗೊತ್ತಿಲ್ಲದೆ, ಅಥವಾ ಗೊತ್ತಿದ್ದೂ ಸತ್ತವರ ಹೆಸರು ಉಳಿಯಲೆಂದು, ವರ್ಷಗಟ್ಟಲೆ ಕಂತು ಕಟ್ಟುವ ಮಕ್ಕಳು ಈ ಸೀಮೆಯಲ್ಲಿ ಇದ್ದಾರೆ. ಮನಸ್ಸಾರೆ ಕಟ್ಟುವುದು ಪಿತೃಭಕ್ತಿ, ಗೌರವಕ್ಕೆ ಅರ್ಹವಾದದ್ದು. ಕಟ್ಟದಿದ್ದರೆ ತಂದೆಗೆ ಸದ್ಗತಿಯಿಲ್ಲ ಎಂದು ಹೆದರಿಸಿ ಅವರಿಂದ ಕಟ್ಟಿಸಿಕೊಳ್ಳುವುದಕ್ಕೆ ಕಾನೂನಿನಲ್ಲೂ ಧರ್ಮದಲ್ಲೂ ಈಗ ಎಡೆಯಿಲ್ಲ.