ತಕ್ಕಡಿಯೂ ಗಂಟೆಯೂ

ನನ್ನ ಹಾಸ್ಟೆಲ್ ಕೋಣೆಯ ಗೋಡೆಯ ಮೇಲೆ ಒಂದು ವೇಳಾಪಟ್ಟಿ ಇದೆ. ಓದಿಗೆ ನೀಲಿ, ಬರವಣಿಗೆಗೆ ಹಸಿರು, ವ್ಯಾಯಾಮಕ್ಕೆ ಹಳದಿ, ಪ್ರಾರ್ಥನೆಗೆ ಕೆಂಪು. ಪಿಎಚ್.ಡಿ.ಯ ಮೂರನೇ ವರ್ಷ ಬದುಕು ಕೈತಪ್ಪುತ್ತಿದೆ ಅನ್ನಿಸಿದಾಗ ಮಾಡಿಕೊಂಡದ್ದು ಅದು. ಒಂದು ರಾತ್ರಿ ಹಸಿರು ಹೊತ್ತಿನಲ್ಲಿ ಪಕ್ಕದ ಕೋಣೆಯ ಗೆಳೆಯ ಬಾಗಿಲು ತಟ್ಟಿದ. "ಹತ್ತು ನಿಮಿಷ ಮಾರಾಯ, ಈ ಪ್ಯಾರಾ ಮುಗಿಸಿ ಬರ್ತೇನೆ" ಅಂದೆ. ಮುಗಿಸುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು, ಅವನ ಕೋಣೆಯ ದೀಪ ಆರಿತ್ತು. ಮರುದಿನ ಬೆಳಿಗ್ಗೆ ಅವನು ಸಂಶೋಧನೆಯನ್ನೇ ಬಿಟ್ಟು ಊರಿಗೆ ಹೊರಟುಹೋಗಿದ್ದ. ಆಮೇಲೆ ಫೋನಿನಲ್ಲಿ ಕೇಳಿದರೆ, "ಏನಿಲ್ಲ, ಸುಮ್ಮನೆ ಬಂದಿದ್ದೆ" ಎಂದ. ಆ ಪ್ಯಾರಾ ನನ್ನ ಪ್ರಬಂಧದಲ್ಲಿ ಈಗಲೂ ಇದೆ. ಚೆನ್ನಾಗಿಯೇ ಇದೆ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ರಾತ್ರಿ ನಾನು ಪಟ್ಟಿಯ ಪ್ರಕಾರ ಸಮತೋಲನದಲ್ಲಿಯೇ ಇದ್ದೆ. ಹಾಗಾದರೆ ಆ ಸಮತೋಲನ ಎಂಥದು?

ಸಮತೋಲನ ಎಂದೊಡನೆ ನಮಗೆ ನೆನಪಾಗುವುದು ತಕ್ಕಡಿ. ಒಂದು ತಟ್ಟೆಯಲ್ಲಿ ಕೆಲಸ, ಇನ್ನೊಂದರಲ್ಲಿ ಮನೆ. ಒಂದರಲ್ಲಿ ದೇಹ, ಇನ್ನೊಂದರಲ್ಲಿ ಆತ್ಮ. ಆದರೆ ನಾನು ಹುಟ್ಟಿ ಬೆಳೆದ ಕ್ರೈಸ್ತ ವಿಶ್ವಾಸದಲ್ಲಿ ಈ ತಕ್ಕಡಿಯನ್ನು ಹುಡುಕಿದರೆ ಸುಲಭವಾಗಿ ಸಿಗುವುದಿಲ್ಲ. ಯೇಸು ಕರೆದಾಗ ಬೆಸ್ತರು ವಾರಕ್ಕೆ ಮೂರು ದಿನ ಬಲೆ, ಮೂರು ದಿನ ಶಿಷ್ಯವೃತ್ತಿ ಎಂದು ಹಂಚಿಕೊಳ್ಳಲಿಲ್ಲ. ಬಲೆಯನ್ನೇ ಬಿಟ್ಟು ನಡೆದರು. ಇಡೀ ಹೃದಯ ಕೇಳುವ ಧರ್ಮದಲ್ಲಿ ಹದ, ಮಿತಿ ಎಂಬ ಮಾತಿಗೆ ಜಾಗವೆಲ್ಲಿ?

ಜಾಗವಿದೆ, ಆದರೆ ಬೇರೆ ರೀತಿಯಲ್ಲಿ. ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲೇ ಒಂದು ಪ್ರಸಂಗ ಬರುತ್ತದೆ. ಸಂಜೆ ಊರಿಗೆ ಊರೇ ಬಾಗಿಲ ಮುಂದೆ ನೆರೆಯುತ್ತದೆ, ಯೇಸು ಅನೇಕ ರೋಗಿಗಳನ್ನು ಗುಣಪಡಿಸುತ್ತಾನೆ. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಾನೆ. ಸೀಮೋನ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಅರಸುತ್ತಿದ್ದಾರೆ ಎಂದರೆ, ಅವನು ಆ ಊರಿಗೆ ಮರಳದೆ ಪಕ್ಕದ ಊರುಗಳಿಗೆ ಹೊರಡುತ್ತಾನೆ. ಹಿಂದೆ ಉಳಿದ ಊರಿನಲ್ಲಿ ಇನ್ನೂ ಕಾಯುತ್ತಿದ್ದವರು ಇದ್ದರು. ದೇವಪುತ್ರನೂ ಕೆಲಸವನ್ನು ಪೂರ್ತಿ ಮುಗಿಸದೆ ಎದ್ದು ಹೋದ ಎಂಬುದು ನನ್ನಂಥ ಸಂಶೋಧಕನಿಗೆ ಕಸಿವಿಸಿಯ ವಿಷಯ.

6ನೆಯ ಶತಮಾನದ ಇಟಲಿಯಲ್ಲಿ ಸಂತ ಬೆನೆಡಿಕ್ಟ್ ಸನ್ಯಾಸಿಗಳಿಗಾಗಿ ಬರೆದ 73 ಅಧ್ಯಾಯಗಳ ನಿಯಮ ಗ್ರಂಥ ಇದನ್ನೇ ದಿನಚರಿಯಾಗಿಸಿತು. ಪ್ರಾರ್ಥನೆ, ಮೈಕೈ ದುಡಿಮೆ, ಓದು, ಮೂರಕ್ಕೂ ಅಲ್ಲಿ ಹೊತ್ತು ಗೊತ್ತಾಗಿದೆ. ಇಷ್ಟನ್ನು ಓದಿದರೆ ನನ್ನ ಗೋಡೆಯ ಪಟ್ಟಿಯಂತೆಯೇ ಕಾಣುತ್ತದೆ. ವ್ಯತ್ಯಾಸ 43ನೆಯ ಅಧ್ಯಾಯದಲ್ಲಿದೆ: ಪ್ರಾರ್ಥನೆಯ ಕರೆ ಕೇಳಿದೊಡನೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಡಬೇಕು. ಮುಗಿಸಿ ಬರುತ್ತೇನೆ ಎನ್ನುವ ಅವಕಾಶವಿಲ್ಲ. ಕೆಲಸ ಕೀಳೆಂದಲ್ಲ, ಅದೇ ಗ್ರಂಥ ಮಠದ ಪಾತ್ರೆ ಪಗಡಗಳನ್ನು ಪೂಜಾಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆನ್ನುತ್ತದೆ. ಕೆಲಸ ಪವಿತ್ರ, ಆದರೆ ಅದು ಒಡೆಯನಲ್ಲ.

ಇದನ್ನು ಪುಸ್ತಕದಲ್ಲಿ ಓದುವ ಮೊದಲೇ ನಾನು ಮನೆಯಲ್ಲಿ ನೋಡಿದ್ದೆ. ನಮ್ಮದು ದಕ್ಷಿಣ ಕನ್ನಡದ ಒಂದು ಹಳ್ಳಿ. ಅಮ್ಮ ಬೀಡಿ ಕಟ್ಟುತ್ತಿದ್ದರು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಕೈ ನಿಂತರೆ ಕೂಲಿಯೂ ನಿಂತಂತೆ. ಆದರೂ ಸಂಜೆ ಇಗರ್ಜಿಯ ಗಂಟೆ ಕೇಳಿದರೆ ಮಡಿಲಿನ ಮೊರವನ್ನು ಕೆಳಗಿಟ್ಟು, ಅರ್ಧ ಸುರುಳಿ ಸುತ್ತಿದ ಎಲೆಯನ್ನು ಹಾಗೇ ಬಿಟ್ಟು, ಎದ್ದು ನಿಂತು ಶಿಲುಬೆಯ ಗುರುತು ಹಾಕುತ್ತಿದ್ದರು. ಆಮೇಲೆ ತೇರ್ಸ್, ಅಂದರೆ ಜಪಸರ ಪ್ರಾರ್ಥನೆ.

ಒಂದು ಸಂಜೆ ತೇರ್ಸಿನ ನಡುವೆ ಪಕ್ಕದ ಮನೆಯ ಅಕ್ಕ ಮಗುವನ್ನು ಎತ್ತಿಕೊಂಡು ಓಡಿಬಂದರು. ಮಗುವಿನ ಮೈ ಕೆಂಡವಾಗಿತ್ತು. ಅಮ್ಮ ಜಪಸರವನ್ನು ಮೊಳೆಗೆ ತೂಗುಹಾಕಿ ಅವರೊಡನೆ ಹೊರಟರು. ರಾತ್ರಿ ಬಂದಾಗ, "ಜಪ ಮುಗಿಸಿ ಹೋಗಬಹುದಿತ್ತಲ್ಲ?" ಎಂದು ಕೇಳಿದೆ. "ಜ್ವರ ಬಂದದ್ದು ಮಗುವಿಗೆ, ಜಪಕ್ಕಲ್ಲ" ಎಂದು ಹೇಳಿ ಗಂಜಿ ಬಡಿಸಿದರು.

ಅಂದರೆ ಕೆಲಸವನ್ನು ನಿಲ್ಲಿಸುವ ಗಂಟೆಗೂ ಮೇಲೊಂದು ಗಂಟೆ ಇದೆ. ಬೆನೆಡಿಕ್ಟ್‌ಗೂ ಇದು ಗೊತ್ತಿತ್ತು. ಅತಿಥಿಯನ್ನು ಕ್ರಿಸ್ತನಂತೆಯೇ ಬರಮಾಡಿಕೊಳ್ಳಬೇಕು, ಅವನಿಗಾಗಿ ಮಠಾಧಿಪತಿ ಸಾಮಾನ್ಯ ಉಪವಾಸವನ್ನೂ ಮುರಿಯಬೇಕು ಎನ್ನುತ್ತಾನೆ. ಒಳ್ಳೆಯ ಸಮಾರಿಯದವನ ಸಾಮತಿಯಲ್ಲಿ ಗಾಯಾಳುವನ್ನು ದಾಟಿ ಹೋದ ಯಾಜಕನೂ ಲೇವಿಯನೂ ಕೆಟ್ಟವರೇ ಆಗಿರಬೇಕಿಲ್ಲ. ಅವರ ಕೈಯಲ್ಲೂ ಒಂದು ಪಟ್ಟಿ ಇದ್ದಿರಬಹುದು.

ಆದರೆ ಇಲ್ಲಿ ಒಂದು ಆಕ್ಷೇಪವನ್ನು ನಾನೇ ಎತ್ತಬೇಕು. ಕೈಯಲ್ಲಿದ್ದದ್ದನ್ನು ಕೆಳಗಿಡುವ ಪಾಠವನ್ನು ಲೋಕ ಎಲ್ಲರಿಗೂ ಸಮನಾಗಿ ಕಲಿಸಿಲ್ಲ. ಅಮ್ಮನ ಕೆಲಸಕ್ಕೆ ಅಡ್ಡಬರಲು ಮನೆಯ ಎಲ್ಲರಿಗೂ ಹಕ್ಕಿತ್ತು. ಅಪ್ಪ ಪೇಪರ್ ಓದುವಾಗ ಯಾರೂ ಕರೆಯುತ್ತಿರಲಿಲ್ಲ. ಮರಿಯ ಯೇಸುವಿನ ಪಾದದ ಬಳಿ ಕುಳಿತಾಗ ಅಡಿಗೆಮನೆಯಲ್ಲಿ ಒಬ್ಬಳೇ ಉಳಿದ ಮಾರ್ಥಳ ದೂರಿನಲ್ಲಿ ನ್ಯಾಯವಿತ್ತು ಎಂದೇ ನನಗೆ ಅನ್ನಿಸುತ್ತದೆ. ಕಾಯಿಲೆ ಅಥವಾ ಮುಖ್ಯ ಹೊಣೆ ಇದ್ದವರ ಹೊರತು ಯಾರೂ ಅಡಿಗೆಮನೆಯ ಸರದಿಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಬೆನೆಡಿಕ್ಟ್ ಬರೆದಿಟ್ಟದ್ದು ಅದಕ್ಕೇ ಮುಖ್ಯ. ಸರದಿಯಿಲ್ಲದ ಕಡೆ ಒಬ್ಬರ ಸಮತೋಲನದ ಬೆಲೆಯನ್ನು ಇನ್ನೊಬ್ಬರು ತೆರುತ್ತಿರುತ್ತಾರೆ.

ನನ್ನ ಪಾಲಿಗೆ ಉಳಿದ ಉತ್ತರ ಸಣ್ಣದು. ವಿಶ್ವಾಸ ನನಗೆ ಹೆಚ್ಚು ಹೊತ್ತನ್ನು ಕೊಡುವುದಿಲ್ಲ, ಇರುವ ಹೊತ್ತನ್ನು ಚೊಕ್ಕವಾಗಿ ಪಾಲು ಮಾಡಿಯೂ ಕೊಡುವುದಿಲ್ಲ. ಲೋಕ ನನ್ನ ಪ್ಯಾರಾದ ಮೇಲೆ ನಿಂತಿಲ್ಲ ಎಂದಷ್ಟೇ ನೆನಪಿಸುತ್ತದೆ. ಹಾಗೆಂದು ನಂಬಿದವನು ಪೆನ್ನನ್ನು ಕೆಳಗಿಡಬಲ್ಲ, ಮತ್ತೆ ಬಂದು ಎತ್ತಿಕೊಳ್ಳಲೂ ಬಲ್ಲ.

ವೇಳಾಪಟ್ಟಿಯನ್ನು ಹರಿದು ಹಾಕಿಲ್ಲ. ಪ್ರಬಂಧ ಮುಗಿಯಬೇಕು, ಫೆಲೋಶಿಪ್ ತಿಂಗಳುಗಳು ಕರಗುತ್ತಿವೆ. ಆದರೆ ಸಂಜೆ ಬಾಗಿಲಿಗೆ ಚಿಲಕ ಹಾಕುವುದನ್ನು ಬಿಟ್ಟಿದ್ದೇನೆ. ಹೋದ ತಿಂಗಳು ಬಸ್ಸು ಹಿಡಿದು ಆ ಗೆಳೆಯನ ಊರಿಗೂ ಹೋಗಿಬಂದೆ. ಅವನು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ನನ್ನನ್ನು ಕಂಡವನೇ ಪುಸ್ತಕ ಮುಚ್ಚಿ ಎದ್ದು ಬಂದ.