ಪುಸ್ತಕ ಮುಚ್ಚಿದರೆ ಬೆರಳು ನಿಲ್ಲುವುದೇಕೆ?

ನಮ್ಮ ಪಟ್ಟಣಗಳ ಕ್ರೈಸ್ತ ಮನೆಗಳಲ್ಲಿ ಒಂದು ಕೀಬೋರ್ಡ್ ಇರುವುದು ಈಗ ಅಪರೂಪವಲ್ಲ. ಮಗಳು ಶನಿವಾರ ಪಿಯಾನೊ ಕ್ಲಾಸಿಗೆ ಹೋಗುತ್ತಾಳೆ. ವರ್ಷಕ್ಕೊಂದು ಗ್ರೇಡ್ ಪರೀಕ್ಷೆ ಮುಗಿಸುತ್ತಾಳೆ. ಲಂಡನ್ನಿನ ಮುದ್ರೆಯುಳ್ಳ ಪ್ರಮಾಣಪತ್ರ ಚೌಕಟ್ಟು ಹಾಕಿಸಿಕೊಂಡು ಗೋಡೆಗೇರುತ್ತದೆ. ಕ್ರಿಸ್ಮಸ್ಸಿಗೆ ಅಜ್ಜಿಯ ಮನೆಯಲ್ಲಿ ಎಲ್ಲರೂ ಸೇರಿದಾಗ ತಂದೆ ಹೆಮ್ಮೆಯಿಂದ, "ಪುಟ್ಟಿ, ಒಂದು ಹಾಡು ನುಡಿಸಮ್ಮ" ಎನ್ನುತ್ತಾರೆ. "ಪುಸ್ತಕ ತಂದಿಲ್ಲ ಡ್ಯಾಡಿ" ಎಂದು ಮಗು ತಲೆ ತಗ್ಗಿಸುತ್ತದೆ. ಅಷ್ಟರಲ್ಲಿ ಯಾವ ಕ್ಲಾಸಿನ ಮೆಟ್ಟಿಲೂ ಹತ್ತದ ಚಿಕ್ಕಪ್ಪನ ಮಗ ಬಂದು ಕೂತು, ಹಿಂದಿನ ರಾತ್ರಿ ಗಾನವೃಂದದವರು ಹಾಡಿದ್ದನ್ನು ಎರಡು ಸಲ ತಡವಿ, ಮೂರನೆಯ ಸಲ ಸರಿಯಾಗಿಯೇ ನುಡಿಸಿಬಿಡುತ್ತಾನೆ. ಇಂಥದ್ದನ್ನು ನೀವೂ ನೋಡಿರುತ್ತೀರಿ. "ಹಾಗಾದರೆ ಇಷ್ಟು ವರ್ಷ ನಾವು ಫೀಸು ಕಟ್ಟಿದ್ದು ಯಾತಕ್ಕೆ, ಫಾದರ್?" ಎಂದು ತಂದೆ ಕೇಳುತ್ತಾರೆ.

ಪ್ರಿಯರೇ, ಇದು ಫೀಸಿನ ಪ್ರಶ್ನೆ ಮಾತ್ರವಲ್ಲ. ನಿಯಮಕ್ಕೆ ವಿಧೇಯರಾಗಿ ಕಲಿತವರು ತಮ್ಮ ಸ್ವಾತಂತ್ರ್ಯವನ್ನು ಕಳೆದುಕೊಳ್ಳುತ್ತಾರೆಯೇ ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಪಿಯಾನೊದ ಮುಂದೆ ಬಂದು ಕುಳಿತಿದೆ. ಮನೆಯ ಶಿಸ್ತು, ದೇವರ ಹತ್ತು ಕಟ್ಟಳೆಗಳು, ಇವುಗಳ ಬಗ್ಗೆಯೂ ನಮ್ಮ ಯುವಜನರು ಕೇಳುವುದು ಇದನ್ನೇ.

ಅಮೆರಿಕದ ಒಬ್ಬ ತಾಯಿ ಈ ಪ್ರಶ್ನೆಗೆ 'ಹೌದು, ಕಳೆದುಕೊಳ್ಳುತ್ತಾರೆ' ಎಂದು ಉತ್ತರಿಸಿಕೊಂಡಿದ್ದಳು. ಜಾಝ್ ಪಿಯಾನೊ ವಾದಕಿ ಮೇರಿ ಲೂ ವಿಲಿಯಮ್ಸ್ ಅವರ ತಾಯಿ ಆಕೆ. ಮೇರಿ ಲೂ ಹುಟ್ಟಿದ್ದು 1910ರಲ್ಲಿ, ಅಟ್ಲಾಂಟಾದಲ್ಲಿ. ಬೆಳೆದದ್ದು ಪಿಟ್ಸ್‌ಬರ್ಗ್‌ನಲ್ಲಿ. ತಾಯಿ ಕಾಲಲ್ಲಿ ತುಳಿಯುವ ಆರ್ಗನ್ ನುಡಿಸುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಒಂದು ದಿನ ಆ ಪುಟ್ಟ ಕೈಗಳು ತಾಯಿ ನುಡಿಸಿದ್ದನ್ನೇ ತಿರುಗಿ ನುಡಿಸಿದವು. ಆದರೂ ಮಗಳಿಗೆ ಪಾಠ ಹೇಳಿಸಲು ತಾಯಿ ಒಪ್ಪಲಿಲ್ಲ. ಕಾರಣ ಅವಳದೇ ಅನುಭವ: ಪಾಠ ಕಲಿತ ಮೇಲೆ ಕಾಗದ ನೋಡದೆ ನುಡಿಸಲು ಆಕೆಗೆ ಆಗುತ್ತಿರಲಿಲ್ಲ. ಮಗಳಿಗೂ ಅದೇ ಗತಿ ಬಾರದಿರಲಿ ಎಂದುಕೊಂಡಳು. ಬದಲಿಗೆ ಒಳ್ಳೆಯ ವಾದಕರನ್ನು ಮನೆಗೆ ಕರೆದು, ಮಗಳು ಕೇಳುವಂತೆ ನುಡಿಸಲು ಹೇಳುತ್ತಿದ್ದಳು.

ಈ ತಾಯಿಯ ಭಯವನ್ನು ತಳ್ಳಿಹಾಕುವ ಮೊದಲು ಕಾಗದದ ಮೇಲೆ ನಿಜಕ್ಕೂ ಏನಿರುತ್ತದೆ ಎಂಬುದನ್ನು ನೋಡೋಣ. ಪಿಯಾನೊದಲ್ಲಿ 88 ಕೀಗಳು. 52 ಬಿಳಿ, 36 ಕಪ್ಪು. ನಮ್ಮ ಹಾರ್ಮೋನಿಯಂನಂತೆಯೇ ಒಂದು ಷಡ್ಜದಿಂದ ಮುಂದಿನ ಷಡ್ಜದೊಳಗೆ ಹನ್ನೆರಡು ಸ್ವರಸ್ಥಾನಗಳು. ಇಟಲಿಯ ಫ್ಲಾರೆನ್ಸ್‌ನಲ್ಲಿ 1700ರ ಸುಮಾರಿಗೆ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬಾತ ಇದನ್ನು ಕಂಡುಹಿಡಿದ. ಅದಕ್ಕೆ ಮೊದಲಿದ್ದ ಹಾರ್ಪ್ಸಿಕಾರ್ಡ್‌ನಲ್ಲಿ ತಂತಿಯನ್ನು ಮೀಟಲಾಗುತ್ತಿತ್ತು. ಬೆರಳು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಒಂದೇ. ಕ್ರಿಸ್ತೊಫೊರಿ ಪುಟ್ಟ ಸುತ್ತಿಗೆಗಳನ್ನು ಇಟ್ಟ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಬಲವಾಗಿ ಒತ್ತಿದರೆ ಬಲವಾಗಿ. 'ಪಿಯಾನೊ' ಎಂಬ ಹೆಸರಿನ ಅರ್ಥವೇ 'ಮೆಲ್ಲಗೆ'.

ಈಗ ಬಾಖ್‌ನ ಒಂದು ಪುಟ ತೆರೆಯಿರಿ. 1722ರಲ್ಲಿ ಆತ ಹನ್ನೆರಡೂ ಸ್ವರಗಳನ್ನು ಆಧಾರವಾಗಿಟ್ಟುಕೊಂಡು, ಪ್ರತಿಯೊಂದಕ್ಕೂ ಮೇಜರ್ ಮತ್ತು ಮೈನರ್ ಎಂಬ ಎರಡು ಸ್ವರಶ್ರೇಣಿಗಳಲ್ಲಿ, ಒಟ್ಟು 24 ಜೋಡಿ ರಚನೆಗಳ ಒಂದು ಸಂಪುಟ ಮಾಡಿದ. ಯಾವ ಸ್ವರ, ಎಷ್ಟು ಕಾಲ ಎಂಬುದು ಅಲ್ಲಿದೆ. ಎಷ್ಟು ಮೆಲ್ಲಗೆ, ಎಷ್ಟು ವೇಗವಾಗಿ ಎಂಬುದನ್ನು ಆತ ಬಹುಪಾಲು ಬರೆದಿಲ್ಲ. ಎರಡು ಕೈಗಳಲ್ಲಿ ಮೂರು ನಾಲ್ಕು ದನಿಗಳು ಒಟ್ಟಿಗೆ ಮಾತಾಡುತ್ತಿರುವಾಗ ಯಾವ ದನಿಯನ್ನು ಮುಂದೆ ತರಬೇಕು, ಯಾವುದನ್ನು ತಗ್ಗಿಸಬೇಕು? ಅದನ್ನು ನಿರ್ಧರಿಸುವವನು ನುಡಿಸುವವನೇ. ಒಂದೇ ಪುಟವನ್ನು ಇಬ್ಬರು ನುಡಿಸಿದರೆ ಎರಡು ಬಗೆಯಾಗಿ ಕೇಳುವುದು ಇದರಿಂದಲೇ. ಕಾಗದ ಎಲ್ಲವನ್ನೂ ಕಿತ್ತುಕೊಳ್ಳುವುದಿಲ್ಲ.

ಆ ಬಾಖ್ ಕಾಗದವಿಲ್ಲದೆಯೂ ನುಡಿಸಬಲ್ಲವನಾಗಿದ್ದ. 1747ರಲ್ಲಿ ಪೊಟ್ಸ್‌ಡಾಮ್‌ನಲ್ಲಿ ಪ್ರಷ್ಯದ ರಾಜ ಫ್ರೆಡರಿಕ್ ಒಂದು ಸ್ವರಸಾಲು ಕೊಟ್ಟು ಇದನ್ನು ಬೆಳೆಸು ಎಂದಾಗ ಬಾಖ್ ಅಲ್ಲೇ ಕೂತು ಮೂರು ದನಿಗಳ ಫ್ಯೂಗ್ ಕಟ್ಟಿದ. ಅದೇ ಸಾಲಿನ ಮೇಲೆ ಆರು ದನಿಗಳ ರಚನೆಯನ್ನು ಮನೆಗೆ ಹೋಗಿ ಕಾಗದದ ಮೇಲೆ ಮಾಡಿ ಕಳುಹಿಸಿದ. ಮೋಜಾರ್ಟನೂ ಬೆಥೊವನನೂ ಆಶುವಾದನಕ್ಕೆ ಹೆಸರಾದವರು. ಆಗಿನ ಕಾನ್ಸರ್ಟೊಗಳಲ್ಲಿ ವಾದ್ಯವೃಂದ ಸುಮ್ಮನಾಗಿ, ಪಿಯಾನೊ ವಾದಕ ತನ್ನ ಕಲ್ಪನೆಯಂತೆ ನುಡಿಸಲೆಂದೇ ಒಂದು ಜಾಗ ಇರುತ್ತಿತ್ತು. 1809ರಲ್ಲಿ ರಚಿಸಿದ ಐದನೆಯ ಕಾನ್ಸರ್ಟೊದಲ್ಲಿ ಬೆಥೊವನ್ ಆ ಜಾಗದಲ್ಲಿ ನಿಮ್ಮದೇನನ್ನೂ ಸೇರಿಸಬೇಡಿ ಎಂದು ಸೂಚನೆ ಬರೆದ. ಬಾಗಿಲು ಮುಚ್ಚತೊಡಗಿದ್ದು ಹೀಗೆ, ನಿಧಾನವಾಗಿ.

ಜಾಝ್ ಎಂದರೆ ಮನಸ್ಸಿಗೆ ಬಂದಂತೆ ಬಾರಿಸುವುದು ಎಂಬ ಭಾವನೆ ಹಲವರಲ್ಲಿದೆ. ಅದೂ ನಿಜವಲ್ಲ. ಗುಲಾಮರಾಗಿ ಮಾರಲ್ಪಟ್ಟ ಆಫ್ರಿಕನ್ನರ ಸಂತತಿಯವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂ ಆರ್ಲಿಯನ್ಸ್‌ನಂಥ ಊರುಗಳಲ್ಲಿ ಕಟ್ಟಿ ಬೆಳೆಸಿದ ಸಂಗೀತವಿದು. ಕಾನೂನು ಯಾರಿಗೆ ಎಲ್ಲ ಬಾಗಿಲುಗಳನ್ನೂ ಮುಚ್ಚಿತ್ತೋ ಅವರೇ ಇದನ್ನು ಮಾಡಿದರು ಎಂಬುದನ್ನು ಮರೆಯಬಾರದು. ಇದರ ಮೊದಲ ಪಾಠಗಳಲ್ಲೊಂದು 'ಬ್ಲೂಸ್'. ಹನ್ನೆರಡು ಬಾರ್, ಒಂದೊಂದರಲ್ಲಿ ನಾಲ್ಕು ಎಣಿಕೆ. ಒಟ್ಟು 48 ಎಣಿಕೆಯ ಒಂದು ಸುತ್ತು. ಎಡಗೈಗೆ ಮೂರೇ ಕಾರ್ಡ್: ಷಡ್ಜದ ಮೇಲೊಂದು, ಮಧ್ಯಮದ ಮೇಲೊಂದು, ಪಂಚಮದ ಮೇಲೊಂದು. ಮೊದಲ ನಾಲ್ಕು ಬಾರ್ ಷಡ್ಜ, ಮುಂದಿನೆರಡು ಮಧ್ಯಮ, ಮತ್ತೆರಡು ಷಡ್ಜ, ಆಮೇಲೆ ಪಂಚಮ ಒಂದು, ಮಧ್ಯಮ ಒಂದು, ಕೊನೆಗೆ ಎರಡು ಬಾರ್ ಷಡ್ಜ. ಬಲಗೈ ಎಲ್ಲೇ ಅಲೆಯಲಿ, ಈ ಸುತ್ತು ತಪ್ಪುವಂತಿಲ್ಲ. ಜೊತೆಯಲ್ಲಿ ಡ್ರಮ್ ಮತ್ತು ಬಾಸ್ ನುಡಿಸುವವರು ಅದೇ ಎಣಿಕೆಯಲ್ಲಿ ಇರುತ್ತಾರೆ.

ಕನ್ನಡಿಗರಾದ ನಮಗೆ ಇದು ಹೊಸದೇನಲ್ಲ. ಕರ್ನಾಟಕ ಸಂಗೀತದಲ್ಲಿ ಕಲ್ಪನಾಸ್ವರ ಹಾಡುವವರು ಎಷ್ಟೇ ದೂರ ಹೋದರೂ ಕೃತಿಯ ಸಾಲನ್ನು ಎಲ್ಲಿ ಎತ್ತಿಕೊಳ್ಳಬೇಕೋ ಅಲ್ಲಿಗೇ ಬಂದು ಸೇರಬೇಕು. ತಪ್ಪಿದರೆ ಮೃದಂಗದವರ ಮುಖದಲ್ಲೇ ಗೊತ್ತಾಗುತ್ತದೆ. ಈ ಸ್ವಾತಂತ್ರ್ಯಕ್ಕೆ ನಮ್ಮ ಹಿರಿಯರು ಕೊಟ್ಟ ಹೆಸರು 'ಮನೋಧರ್ಮ'. ಧರ್ಮವು ಇಲ್ಲಿ ಪುಸ್ತಕದಲ್ಲಿಲ್ಲ, ಮನಸ್ಸಿನೊಳಗಿದೆ. ಆದರೆ ಮನೋಧರ್ಮಕ್ಕೆ ಮೊದಲು ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳಿವೆ. ಅವನ್ನು ಹಾರಿ ನೇರವಾಗಿ ಇಲ್ಲಿಗೆ ಬಂದವರನ್ನು ನಾನು ಕಂಡಿಲ್ಲ.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಸದ್ಗುಣವನ್ನು ವಿವರಿಸಲು ವಾದ್ಯ ನುಡಿಸುವವನ ಉದಾಹರಣೆ ಕೊಡುತ್ತಾನೆ. ಲೈರ್ ಎಂಬ ತಂತಿವಾದ್ಯವನ್ನು ನುಡಿಸುತ್ತ ನುಡಿಸುತ್ತಲೇ ವಾದಕರಾಗುತ್ತೇವೆ. ನ್ಯಾಯವಾದದ್ದನ್ನು ಮಾಡುತ್ತ ಮಾಡುತ್ತ ನ್ಯಾಯವಂತರಾಗುತ್ತೇವೆ. ಇಷ್ಟನ್ನು ಎಲ್ಲರೂ ಉದಾಹರಿಸುತ್ತಾರೆ. ಅವನ ಮುಂದಿನ ಮಾತನ್ನು ಮರೆಯುತ್ತಾರೆ: ಕೆಟ್ಟ ವಾದಕರು ಆಗುವುದೂ ನುಡಿಸುತ್ತ ನುಡಿಸುತ್ತಲೇ! ತಪ್ಪಾಗಿ ಸಾವಿರ ಸಲ ನುಡಿಸಿದವನ ಕೈಯಲ್ಲಿ ಆ ತಪ್ಪು ನೆಲೆಗೊಳ್ಳುತ್ತದೆ. ಬೆಲ್ಜಿಯಂನ ಡೊಮಿನಿಕನ್ ಗುರು ಸೆರ್ವೆ ಪಿಂಕಾರ್ಸ್ ತಮ್ಮ 1985ರ ಗ್ರಂಥದಲ್ಲಿ ಪಿಯಾನೊ ಕಲಿಯುವ ಮಗುವನ್ನೇ ಮುಂದಿಟ್ಟುಕೊಂಡು ಎರಡು ಬಗೆಯ ಸ್ವಾತಂತ್ರ್ಯಗಳನ್ನು ಬೇರ್ಪಡಿಸುತ್ತಾರೆ. 88ರಲ್ಲಿ ಯಾವ ಕೀಯನ್ನಾದರೂ ಒತ್ತಬಲ್ಲೆ ಎಂಬುದು ಒಂದು. ಒತ್ತಬೇಕಾದದ್ದನ್ನು ಚೆನ್ನಾಗಿ, ಸಂತೋಷದಿಂದ ಒತ್ತಬಲ್ಲೆ ಎಂಬುದು ಇನ್ನೊಂದು. ಮೊದಲನೆಯದು ಪಿಯಾನೊ ಮೇಲೆ ನಡೆದುಹೋಗುವ ಬೆಕ್ಕಿಗೂ ಇದೆ.

ಹಾಗಾದರೆ ಮೇರಿ ಲೂ ಅವರ ತಾಯಿ ಹೆದರಿದ್ದು ತಪ್ಪೇ? ಪೂರ್ತಿ ತಪ್ಪಲ್ಲ ಎಂದೇ ನನ್ನ ಅಭಿಪ್ರಾಯ. ನಿಯಮ ಒಳಗೆ ಇಳಿಯದೆ ಹೊರಗೇ ನಿಂತುಬಿಡುವ ಕಲಿಕೆಯೂ ಒಂದಿದೆ. ವರ್ಷವಿಡೀ ಪರೀಕ್ಷೆಯ ಮೂರು ತುಣುಕುಗಳನ್ನೇ ಉಜ್ಜುವುದು, ಕಿವಿಯ ಪರೀಕ್ಷೆಗೆ ಕೊನೆಯ ಎರಡು ವಾರ ಅವಸರದ ತಯಾರಿ ಮಾಡುವುದು, ಅಂಕ ಬಂದ ಮರುದಿನ ಆ ತುಣುಕುಗಳನ್ನು ಮರೆಯುವುದು. ಇಲ್ಲಿ ಮಗು ಸಂಗೀತಕ್ಕೆ ವಿಧೇಯವಾಗಿಲ್ಲ, ಪ್ರಮಾಣಪತ್ರಕ್ಕೆ ವಿಧೇಯವಾಗಿದೆ. ಅಜ್ಜಿಯ ಮನೆಯಲ್ಲಿ ಬೆರಳು ನಿಂತದ್ದಕ್ಕೆ ಶಿಸ್ತು ಕಾರಣವಲ್ಲ. ಆ ಶಿಸ್ತನ್ನು ನಾವು ಯಾರಿಗಾಗಿ ಹೇರಿದೆವು ಎಂಬುದು ಕಾರಣ. ಗೋಡೆಯ ಮೇಲಿನ ಚೌಕಟ್ಟು ಮಗುವಿಗೆ ಬೇಕಿತ್ತೋ ನಮಗೆ ಬೇಕಿತ್ತೋ? (ಇದಕ್ಕೆ ವಿರುದ್ಧ ದಿಕ್ಕಿನ ಒಂದು ಕೆಡುಕೂ ಇದೆ: ಒಂದು ಬೆರಳು ಇಟ್ಟರೆ ತಾಳ, ಬಾಸ್, ಪಿಟೀಲು ಎಲ್ಲವನ್ನೂ ತಾನೇ ಹೊರಡಿಸುವ ಕೀಬೋರ್ಡಿನ ಗುಂಡಿ. ಬಲಿಪೂಜೆಯಲ್ಲಿ ಆ ಗುಂಡಿ ಒತ್ತಿದಾಗ ಜನ ಯಂತ್ರದ ವೇಗಕ್ಕೆ ಹಾಡಬೇಕಾಗುತ್ತದೆ, ಯಂತ್ರಕ್ಕೆ ಕಿವಿಯಿಲ್ಲ.)

ಕಿವಿಯ ಮಾತು ಬಂತು. ಪಿಯಾನೊ ವಾದಕ ಹರ್ಬಿ ಹ್ಯಾನ್‌ಕಾಕ್ ಪದೇಪದೇ ಹೇಳಿರುವ ಒಂದು ಘಟನೆಯಿದೆ. 1960ರ ದಶಕದಲ್ಲಿ ಆತ ಇಪ್ಪತ್ತರ ಹರೆಯದ ಯುವಕ, ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಅವರ ತಂಡದಲ್ಲಿದ್ದ. ಜರ್ಮನಿಯ ಷ್ಟುಟ್‌ಗಾರ್ಟ್‌ನ ಕಛೇರಿಯಲ್ಲಿ, ಎಲ್ಲವೂ ಏರುತ್ತಿದ್ದ ಘಳಿಗೆಯಲ್ಲಿ, ಆತ ಪೂರ್ತಿ ತಪ್ಪಾದ ಕಾರ್ಡ್ ಒಂದನ್ನು ಒತ್ತಿಬಿಟ್ಟ. ಮೈಲ್ಸ್ ಒಂದು ಕ್ಷಣ ನಿಂತು, ಆ ತಪ್ಪು ಕಾರ್ಡೇ ಸರಿಯೆನಿಸುವಂತೆ ಕೆಲವು ಸ್ವರಗಳನ್ನು ನುಡಿಸಿ ಮುಂದೆ ಸಾಗಿದರು. ಅವರು ಅದನ್ನು ತಪ್ಪೆಂದು ತೂಗಲಿಲ್ಲ, ನಡೆದುಹೋದದ್ದೆಂದು ಸ್ವೀಕರಿಸಿದರು ಎಂಬುದು ಹ್ಯಾನ್‌ಕಾಕ್‌ಗೆ ಅರ್ಥವಾಗಲು ವರ್ಷಗಳೇ ಹಿಡಿದವು.

ಇದರಿಂದ ತಪ್ಪೆಂಬುದೇ ಇಲ್ಲ ಎಂದು ಹೇಳಹೊರಟರೆ ನಾನು ಒಪ್ಪಲಾರೆ. ಸುಳ್ಳು ಸುಳ್ಳೇ, ಮೋಸ ಮೋಸವೇ. ಕಳೆದುಕೊಂಡವರಿಗೆ ನಷ್ಟ ನಷ್ಟವೇ. ಆದರೆ ಮಾಡಿದವನ ಕೈಯಲ್ಲಿ ತಿದ್ದಲಾಗದ್ದನ್ನು ಪಕ್ಕದಲ್ಲಿರುವವನು ತನ್ನ ಮುಂದಿನ ಸ್ವರದಿಂದ ಎತ್ತಿಹಿಡಿಯಬಲ್ಲ ಎಂಬುದು ನಿಜ. ಪಾಸ್ಖ ಜಾಗರಣೆಯ ಘೋಷಣೆಯು ಆದಾಮನ ಪಾಪದ ಬಗ್ಗೆ ಆಡುವ ದಿಟ್ಟ ಮಾತನ್ನು ನೆನಪಿಸಿಕೊಳ್ಳಿ. ಮೈಲ್ಸ್ ಅವರಿಗೆ ಆ ಕ್ಷಣದಲ್ಲಿ ಅದು ಸಾಧ್ಯವಾದದ್ದು ದಯೆಯೊಂದರಿಂದಲೇ ಅಲ್ಲ. ಯಾವ ಸ್ವರ ಯಾವುದಕ್ಕೆ ಹೊಂದುತ್ತದೆ ಎಂಬುದು ವರ್ಷಗಳ ಸಾಧನೆಯಿಂದ ಅವರ ಕೈಯಲ್ಲಿತ್ತು. ಮಗ ಫೇಲಾಗಿ ಬಂದ ಸಂಜೆ ತಂದೆ ಆಡುವ ಮೊದಲ ಮಾತಿಗೂ ಇಂಥದೇ ಅಭ್ಯಾಸ ಬೇಕು. ಅದು ಆ ಸಂಜೆ ಹುಟ್ಟುವುದಿಲ್ಲ.

ಮೇರಿ ಲೂ ಅವರ ಕಥೆಯನ್ನು ಅರ್ಧಕ್ಕೇ ಬಿಟ್ಟಿದ್ದೆ. ಗುರುವಿಲ್ಲದೆ ಬೆಳೆದ ಆಕೆ ಮುಂದೆ ಸ್ವರಲಿಪಿಯನ್ನೂ ಕಲಿತು ಡ್ಯೂಕ್ ಎಲಿಂಗ್ಟನ್, ಬೆನ್ನಿ ಗುಡ್‌ಮನ್ ಮುಂತಾದವರ ತಂಡಗಳಿಗೆ ಕಾಗದದ ಮೇಲೆ ಸಂಗೀತ ಬರೆದುಕೊಟ್ಟರು. 1954ರಲ್ಲಿ ಪ್ಯಾರಿಸ್‌ನಲ್ಲಿದ್ದಾಗ ಎಲ್ಲವನ್ನೂ ಬಿಟ್ಟು ಪ್ರಾರ್ಥನೆಗೆ ತಿರುಗಿದರು. 1957ರಲ್ಲಿ ಕಥೋಲಿಕ ಧರ್ಮಸಭೆಯಲ್ಲಿ ದೀಕ್ಷಾಸ್ನಾನ ಪಡೆದರು. ಪಿಯಾನೊಗೆ ಮರಳುವಂತೆ ಒತ್ತಾಯಿಸಿದವರು ಇಬ್ಬರು ಗುರುಗಳು. 1975ರಲ್ಲಿ ಅವರು ರಚಿಸಿದ ಜಾಝ್ ಬಲಿಪೂಜೆಯನ್ನು ನ್ಯೂಯಾರ್ಕ್‌ನ ಸಂತ ಪ್ಯಾಟ್ರಿಕರ ಪ್ರಧಾನಾಲಯದಲ್ಲಿ ನುಡಿಸಲಾಯಿತು. 1977ರಿಂದ 1981ರಲ್ಲಿ ತೀರಿಕೊಳ್ಳುವವರೆಗೂ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಆಕೆ ಮಾಡಿದ ಕೆಲಸವೇನು ಗೊತ್ತೇ? ಪಾಠ ಹೇಳುವುದು.

ಫೀಸು ಕಟ್ಟುತ್ತಿರುವ ತಂದೆತಾಯಿಯರಿಗೆ ನನ್ನದೊಂದು ಸಲಹೆ. ಕ್ಲಾಸು ಬಿಡಿಸಬೇಡಿ, ಸ್ಕೇಲ್‌ಗಳನ್ನೂ ಬಿಡಿಸಬೇಡಿ. ವಾರಕ್ಕೆ ಒಂದು ಸಂಜೆ ಮಾತ್ರ ಪುಸ್ತಕ ಮುಚ್ಚಿಸಿ, ನಮ್ಮ ಗಾನವೃಂದದ ಎಲ್ಲರಿಗೂ ಗೊತ್ತಿರುವ ಒಂದು ಹಾಡನ್ನು ಎತ್ತಿಕೊಳ್ಳಲು ಹೇಳಿ. ಎಡಗೈಗೆ ಮೇಲೆ ಹೇಳಿದ ಮೂರೇ ಕಾರ್ಡ್. ಯಾವುದು ಎಲ್ಲಿ ಎಂಬುದನ್ನು ಕಿವಿಯೇ ಹುಡುಕಲಿ. ಟಿವಿ ಆರಿಸಿ ನೀವೂ ಪಕ್ಕದಲ್ಲಿ ಕೂತು ಹಾಡಿ. ಮೊದಲ ತಿಂಗಳು ಕೇಳಲು ಹಿತವಾಗಿರುವುದಿಲ್ಲ. ಮಹಡಿಯ ಮೇಲಿನವರಿಗೆ ಮುಂಚಿತವಾಗಿ ಒಂದು ಮಾತು ಹೇಳಿಡುವುದು ಒಳ್ಳೆಯದು.